ಉಪ್ಪಾರಹಳ್ಳಿಯಲ್ಲಿ ಕಡಲಕುದುರೆಗಳ ಊಟ

ಕಡಲಕುದುರೆಯ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎಂದರೆ ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ ಒಂದೇ. ಅದರಲ್ಲಿ ಗಂಡೇ ಬಸುರಾಗುತ್ತದಂತಲ್ಲ, ನಿಜವಾ? ನಿಜ. ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಮೇಲಿನ ಚೀಲದಲ್ಲಿ ಇಟ್ಟು ಹೋಗುತ್ತದೆ. ಹೊರುವುದೂ ಹೆರುವುದೂ ಗಂಡಿನ ಕೆಲಸ. ಮದುವೆಯಾದ ಹೊಸದರಲ್ಲಿ ಇದನ್ನು ಕೇಳಿದ ನಮ್ಮ ಮಾವ ಪೇಪರಿನಿಂದ ತಲೆಯೆತ್ತದೆ, "ನಿಮ್ಮತ್ತೆ ಮುಂದೆ ಮಾತ್ರ ಹೇಳ್ಬೇಡ ಕಣಮ್ಮ, ಹಳೇದೆಲ್ಲಾ ತೆಗೀತಾಳೆ" ಎಂದಿದ್ದರು. "ಕೇಳಿಸ್ತು" ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂದಿತ್ತು.

ಆದರೆ ನನ್ನ ಕೆಲಸ ಅದರ ಬಸಿರಿನ ಮೇಲಲ್ಲ, ಹಸಿವಿನ ಮೇಲೆ. ಕಡಲಕುದುರೆಗೆ ಜಠರ ಇಲ್ಲ. ಉಂಡದ್ದನ್ನು ಒಂದು ಕಡೆ ಇಟ್ಟುಕೊಂಡು ನಿಧಾನವಾಗಿ ಕರಗಿಸಿಕೊಳ್ಳುವ ಚೀಲವೇ ಅದರ ಮೈಯಲ್ಲಿಲ್ಲ. ಬಾಯಿಗೆ ಹೋದದ್ದು ಸಣ್ಣದೊಂದು ಕರುಳಿನಲ್ಲಿ ಬೇಗ ಬೇಗ ಸಾಗಿಬಿಡುತ್ತದೆ. ಅದಕ್ಕೇ ಅದು ಹಗಲೆಲ್ಲ ತಿನ್ನುತ್ತಲೇ ಇರಬೇಕು. ಅದೇ ಹೊತ್ತಿಗೆ, ನೀರಿನಲ್ಲಿ ನೆಟ್ಟಗೆ ನಿಲ್ಲುವುದಕ್ಕಾಗಿ ಬೆನ್ನಿನ ಪುಟ್ಟ ಈಜುರೆಕ್ಕೆಯನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ಬಡಿಯುತ್ತಲೂ ಇರಬೇಕು. ಖರ್ಚು ವಿಪರೀತ, ಕಣಜ ಇಲ್ಲ. ಎರಡು ಊಟಗಳ ನಡುವೆ ಆ ಈಜುರೆಕ್ಕೆಯ ಜೀವಕೋಶಗಳು ಹೇಗೆ ನಿಭಾಯಿಸುತ್ತವೆ? ಜೀವಕೋಶದ ಒಳಗೆ ಆಹಾರವನ್ನು ಉರಿಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯಗಳು, ಒಲೆಗಳು ಎಂದೇ ಇಟ್ಟುಕೊಳ್ಳಿ, ಹಸಿವಾದಾಗ ಉರಿ ಸಣ್ಣ ಮಾಡಿಕೊಳ್ಳುತ್ತವೆಯೋ ಅಥವಾ ಮೈಯನ್ನೇ ಸೌದೆ ಮಾಡಿ ಉರಿಸುತ್ತವೆಯೋ? ಇದು ನನ್ನ ಪಿಎಚ್.ಡಿ. ಪ್ರಶ್ನೆ. ಇದಕ್ಕಾಗಿ ಪ್ರಾಣಿಯನ್ನು ಕೊಲ್ಲಬೇಕಾಗಿಲ್ಲ. ಮುಚ್ಚಿದ ಪುಟ್ಟ ಗಾಜಿನ ಕೋಣೆಯಲ್ಲಿ ಅದನ್ನು ಸ್ವಲ್ಪ ಹೊತ್ತು ಬಿಟ್ಟು, ನೀರಿನಲ್ಲಿ ಆಮ್ಲಜನಕ ಎಷ್ಟು ಇಳಿಯಿತೆಂದು ನೋಡಬೇಕು. ಈಜುರೆಕ್ಕೆಯ ಅಂಚಿನಿಂದ ಉಗುರು ಕತ್ತರಿಸಿದಂತೆ ಒಂದು ಚೂರು ತೆಗೆಯಬೇಕು. ಅದು ಮತ್ತೆ ಬೆಳೆಯುತ್ತದೆ.

ತುಮಕೂರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಏನೂ ಇಲ್ಲ. ಕಡಲಕುದುರೆ ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ. ಸಮುದ್ರದಿಂದ ಹಿಡಿದು ತರುವಂತಿಲ್ಲ. ನಮ್ಮ ಗೈಡ್ ಮೇಡಂ ಬಹಳ ಓಡಾಡಿ ಅನುಮತಿ ತಂದು, ಕರಾವಳಿಯ ಒಂದು ಕೇಂದ್ರದಲ್ಲಿ ತೊಟ್ಟಿಯಲ್ಲೇ ಹುಟ್ಟಿದ ಮರಿಗಳ ಒಂದು ಗುಂಪನ್ನು ತರಿಸಿದ್ದರು. ಇನ್ನೊಂದು ಗುಂಪು ಸಿಗುವ ಮಾತೇ ಇರಲಿಲ್ಲ. ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಆ ಮರಿಗಳು ನಮ್ಮ ಪ್ರಯೋಗಾಲಯದ ತೊಟ್ಟಿಯಲ್ಲಿ, ಉಪ್ಪು ಕಲಸಿ ನಾವೇ ಮಾಡಿದ ಸಮುದ್ರದಲ್ಲಿ, ಪ್ಲಾಸ್ಟಿಕ್ ಗಿಡದ ಕಡ್ಡಿಗೆ ಬಾಲ ಸುತ್ತಿಕೊಂಡು ನಿಂತಿದ್ದವು.

ಕಷ್ಟ ಊಟದ್ದು. ಸತ್ತದ್ದನ್ನು ಅವು ಮೂಸುವುದಿಲ್ಲ, ಮುಂದೆ ಅಲುಗಾಡುತ್ತಿರಬೇಕು. ಅದಕ್ಕೆ ಉಪ್ಪುನೀರಿನ ಒಂದು ಜಾತಿಯ ಸೀಗಡಿ ಇದೆ. ಅದರ ಒಣಗಿದ ಮೊಟ್ಟೆಗಳು ಕಂದು ಬಣ್ಣದ ನುಣುಪು ಪುಡಿಯ ಹಾಗೆ ಡಬ್ಬಿಯಲ್ಲಿ ಬರುತ್ತವೆ. ಉಪ್ಪುನೀರಿಗೆ ಹಾಕಿ, ಬೆಚ್ಚಗಿಟ್ಟು, ಗಾಳಿ ಊದುತ್ತಿದ್ದರೆ ಒಂದೆರಡು ದಿನದಲ್ಲಿ ಒಡೆದು, ಕಿತ್ತಳೆ ಬಣ್ಣದ ಧೂಳಿನಂತೆ ಮರಿಗಳು ಈಜತೊಡಗುತ್ತವೆ. ನಮ್ಮ ಕಟ್ಟಡಕ್ಕೆ ಸಂಜೆ ಬೀಗ ಬೀಳುತ್ತಿತ್ತು. ಕುದುರೆಗಳ ತೊಟ್ಟಿಯ ಲೈನ್ ಒಂದನ್ನು ಬಿಟ್ಟು ಉಳಿದೆಲ್ಲ ಸ್ವಿಚ್ ಆಫ್. ಹಾಗಾಗಿ ಮೊಟ್ಟೆ ಒಡೆಸುವ ಕೆಲಸವನ್ನು ನಾನು ಮನೆಗೆ ತಂದೆ. ತುಮಕೂರಿನ ಉಪ್ಪಾರಹಳ್ಳಿ ಬಡಾವಣೆಯ ನಮ್ಮ ಮನೆಯ ಹಿಂದಿನ ವರಾಂಡದಲ್ಲಿ ತಳ ಕತ್ತರಿಸಿದ ನೀರಿನ ಬಾಟಲಿಗಳನ್ನು ತಲೆಕೆಳಗು ಕಟ್ಟಿ, ಪುಟ್ಟ ಗಾಳಿ ಪಂಪು ಇಟ್ಟೆ.

ಆ ಡಬ್ಬಿಯನ್ನು ತಂಪಿನಲ್ಲಿಡಬೇಕು. ಫ್ರಿಜ್ಜಿನಲ್ಲಿ ಇಟ್ಟೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಆ ಫ್ರಿಜ್ಜಿಗೆ ಮೊಟ್ಟೆಯೆಂಬುದು ಬಂದಿರಲಿಲ್ಲ.

"ಇದೇನಮ್ಮ, ಕಾಫಿ ಪುಡಿನಾ?" ಎಂದು ಅತ್ತೆ ಡಬ್ಬಿ ತೆರೆದು ಮೂಗಿಗೆ ಹಿಡಿದರು.

"ಅಲ್ಲ ಅತ್ತೆ. ಮೊಟ್ಟೆ."

ಅವರು ಡಬ್ಬಿ ಮುಚ್ಚಿದರು. ಮತ್ತೆ ತೆರೆದು ನೋಡಿದರು. "ಇದ್ರಲ್ಲಿ ಎಷ್ಟಿವೆ?"

"ಲಕ್ಷಗಟ್ಟಲೆ ಇರಬಹುದು."

"ತರೋದು ತಂದೆ, ಡಜನ್ನಲ್ಲಾದ್ರೂ ತರ್ಬಾರ್ದಾ" ಎಂದರು ಮಾವ.

ಅತ್ತೆ ನಗಲಿಲ್ಲ. ಹುಟ್ಟಿದ ಮೇಲೆ ಇವು ಏನಾಗುತ್ತವೆ ಎಂದು ಕೇಳಿದರು. ಕುದುರೆ ತಿನ್ನುತ್ತದೆ ಎಂದೆ. "ಅಂದ್ರೆ ತಿನ್ಸಕ್ಕೇ ಹುಟ್ಸೋದು" ಎಂದು ಡಬ್ಬಿಯ ಮುಚ್ಚಳ ಒತ್ತಿ, "ಆಯ್ತು ಬುಡು. ನಿನ್ನ ಓದು" ಎಂದು ಡಬ್ಬಿಯನ್ನು ಕೆಳಗಿನ ಶೆಲ್ಫಿಗೆ, ತರಕಾರಿಯ ಹಿಂದಕ್ಕೆ ಸರಿಸಿಟ್ಟರು. ಬೇಡ ಎನ್ನುವ ಹಕ್ಕು ಅವರಿಗಿತ್ತು. ಅವರು ಬೇಡ ಎಂದಿದ್ದರೆ ನನ್ನ ಗಂಡನೂ ನನ್ನ ಪರ ನಿಲ್ಲುತ್ತಿರಲಿಲ್ಲ ಎಂದು ಆಗ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಯಾವುದು ಸರಿ ಎಂದು ತಿಳಿಯುವ ದಾರಿ ಈಗಿಲ್ಲ. ಅವರು ಬೇಡ ಎನ್ನಲಿಲ್ಲ, ಅಷ್ಟು ಮಾತ್ರ ಖಚಿತ.

ನಾನು ಸಂಜೆ ಬಂದು ಕೆಂಪು ಪ್ಲಾಸ್ಟಿಕ್ ಬಕೇಟಿನಲ್ಲಿ ಬೋರ್‌ವೆಲ್ ನೀರಿಗೆ ಉಪ್ಪು ಕಲಸಿ, ತಿಳಿಯಾಗಲು ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಬಾಟಲಿಗಳಿಗೆ ತುಂಬಿ ಮೊಟ್ಟೆ ಹಾಕುತ್ತಿದ್ದೆ. ಒಡೆಯಲೇ ಇಲ್ಲ. ಪೂರ್ತಿ ಒಡೆಯಲಿಲ್ಲ ಎಂದರೆ ತಪ್ಪಾದೀತು. ಚಮಚದಷ್ಟು ಮೊಟ್ಟೆಯಲ್ಲಿ ಚಿಟಿಕೆಯಷ್ಟು ಒಡೆಯುತ್ತಿತ್ತು. ಒಡೆದವೂ ಸೋತು ತಳ ಸೇರುತ್ತಿದ್ದವು. ಉಪ್ಪು ಬದಲಿಸಿದೆ. ಬಲ್ಬು ಹತ್ತಿರ ತಂದೆ. ಹೊಸ ಡಬ್ಬಿ ತರಿಸಿದೆ. ಬದುಕಿದ್ದಷ್ಟನ್ನು ಸೋಸಿ, ಊಟದ ಡಬ್ಬಿಯ ಜೊತೆ ಚೀಲದಲ್ಲಿಟ್ಟುಕೊಂಡು ಪ್ರಯೋಗಾಲಯಕ್ಕೆ ಹೋಗುತ್ತಿದ್ದೆ. ಅದು ಕುದುರೆ ಮರಿಗಳ ಜೀವ ಹಿಡಿದಿಡುವುದಕ್ಕೆ ಸಾಕಾಗುತ್ತಿತ್ತು, ಹಸಿವಿಗೆ ಸಾಲುತ್ತಿರಲಿಲ್ಲ. ಕಡಲಕುದುರೆ ಸೊರಗಿದರೆ ಮುಚ್ಚಿಡಲು ಬರುವುದಿಲ್ಲ. ಹೊಟ್ಟೆಯ ಪಕ್ಕ ಒಳಕ್ಕೆ ಹೋಗಿ, ಮೈಯ ಏಣುಗಳೆಲ್ಲ ಎದ್ದು ಕಾಣುತ್ತವೆ.

ಗೈಡ್ ಮೇಡಂ ಒಂದು ಬೆಳಿಗ್ಗೆ ತೊಟ್ಟಿಯ ಮುಂದೆ ಬಹಳ ಹೊತ್ತು ಬಗ್ಗಿ ನಿಂತಿದ್ದರು. "ಇನ್ನೊಂದೆರಡು ವಾರದಲ್ಲಿ ಇವು ಮೈ ತುಂಬ್ಕೊಳ್ಳದೇ ಇದ್ರೆ ವಾಪಸ್ ಕಳಿಸ್ಬಿಡೋಣಮ್ಮ" ಎಂದರು. "ನಮ್ಮ ಥೀಸಿಸ್‌ಗೋಸ್ಕರ ಇವನ್ನ ಒಣಗ್ಸೋದು ಬೇಡ."

"ಈ ಸ್ಥಿತೀಲಿ ದಾರೀಲಿ ಉಳೀತಾವಾ ಮೇಡಂ?"

ಕಳಿಸಿದರೆ ದಾರಿಯಲ್ಲಿ ಸಾಯುವ ಅಪಾಯ, ಇಟ್ಟುಕೊಂಡರೆ ನನ್ನ ಕಣ್ಣೆದುರೇ. ಪಿಎಚ್.ಡಿ. ಇನ್ನೊಂದು ವಿಷಯದಲ್ಲಿ ಮಾಡಬಹುದಿತ್ತು. ಆ ಮರಿಗಳಿಗೆ ಇನ್ನೊಂದು ತೊಟ್ಟಿ ಇರಲಿಲ್ಲ.

ಆ ಶನಿವಾರ ತವರಿಗೆ, ಕುಣಿಗಲ್‌ಗೆ, ಹೋಗಬೇಕಿತ್ತು. ಬಿಟ್ಟು ಹೋಗಲು ಮನಸ್ಸಾಗದೆ ಒಂದು ಬಾಟಲಿ, ಪಂಪು, ಉಪ್ಪು, ಮೊಟ್ಟೆ ಎಲ್ಲವನ್ನೂ ಜೊತೆಗೇ ಒಯ್ದೆ. ಕುಣಿಗಲ್‌ನಲ್ಲಿ ನನ್ನನ್ನು ರೇಗಿಸುವುದಕ್ಕೆ ಯಾರೂ ಕಷ್ಟಪಡಬೇಕಾಗಿಲ್ಲ. ಊರಿಗೇ ಹೆಸರು ತಂದದ್ದು ಕುದುರೆ ಫಾರಂ. "ಕುಣಿಗಲ್ ಹುಡ್ಗಿ ಕುದುರೆ ಬುಟ್ಟು ಇನ್ನೇನ್ ಓದ್ತಾಳೆ" ಎನ್ನುವುದು ಪಕ್ಕದ ಮನೆಯವರ ಹಳೆಯ ಮಾತು. ಅಮ್ಮನ ಬಚ್ಚಲಿನ ಬಕೇಟಿನಲ್ಲೇ ನಲ್ಲಿ ನೀರಿಗೆ ಉಪ್ಪು ಕಲಸಿದೆ, ಕಿಟಕಿಯ ಪಕ್ಕ ಕಟ್ಟಿದೆ. ಸೋಮವಾರದ ಬೆಳಕಿಗೆ ಬಾಟಲಿಯೊಳಗೆ ಕಿತ್ತಳೆಯ ಮೋಡವೇ ತೇಲುತ್ತಿತ್ತು. ಅಮ್ಮನನ್ನು ಕರೆದು ತೋರಿಸಿದೆ. "ಕುಂಕುಮ ಕದಡಿದ್ಹಂಗೈತೆ" ಎಂದಳು. ನನಗೆ ಅಳು ಬಂತು ಎಂದು ನೆನಪು. ಅಮ್ಮನನ್ನು ಕೇಳಿದರೆ, "ನೀನೆಲ್ಲಿ ಅಳ್ತಿದ್ದೆ, ನಿಮ್ಮಪ್ಪ ಪಂಪಿನ ವೈರ್ ಎಡವಿ ಬೀಳೋದ್ರಲ್ಲಿದ್ರು, ನಗಾಡ್ತಿದ್ದೆ" ಎನ್ನುತ್ತಾಳೆ.

ಹಾಗಾದರೆ ತಪ್ಪು ತುಮಕೂರಿನ ನೀರಿನದು ಎಂದು ತೀರ್ಮಾನಿಸಿದೆ. ಬೋರ್‌ವೆಲ್‌ನ ಗಡಸು ನೀರು, ಇನ್ನೇನು. ಎರಡು ದೊಡ್ಡ ಕ್ಯಾನು ಕುಣಿಗಲ್ ನೀರು ತುಂಬಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರು ಕ್ಯಾನುಗಳನ್ನು ನೋಡಿ ನಿಂತರು.

"ಏನಮ್ಮ ಇದು, ಯಡಿಯೂರಿಂದ ತೀರ್ಥನಾ?"

"ಅಲ್ಲ, ನಲ್ಲಿ ನೀರು."

"ತುಮಕೂರಲ್ಲಿ ನಲ್ಲಿ ಇಲ್ವಾ?"

"ಇದೆ. ಅಲ್ಲಿಯ ನೀರಲ್ಲಿ ಮೊಟ್ಟೆ ಒಡೀತಿಲ್ಲ."

ಅವರು ನನ್ನನ್ನೊಮ್ಮೆ ನೋಡಿ, "ಚೆಲ್ಲಿದ್ರೆ ನೀವೇ ಒರ್ಸ್ಬೇಕು" ಎಂದಷ್ಟೇ ಹೇಳಿ ಮುಂದೆ ಹೋದರು. ತೀರ್ಥ ಎಂಬ ಮಾತು ಕಿವಿಗೆ ಬಿದ್ದ ಪಕ್ಕದ ಸೀಟಿನ ಅಜ್ಜಿ ಆಗಲೇ ಅಂಗೈ ಚಾಚಿದ್ದರು. ಹಣೆಯ ತುಂಬ ವಿಭೂತಿ. ಯಡಿಯೂರಿನ ಗದ್ದುಗೆಗೆ ಹೋಗಿ ಬರುತ್ತಿದ್ದವರಿರಬೇಕು. ಇದು ಬರೀ ನೀರು ಅಜ್ಜಿ ಎಂದೆ. "ಎಲ್ಲಾ ತೀರ್ಥನೂ ಬರೀ ನೀರೇ ಕಣವ್ವ, ಹಾಕು" ಎಂದರು. ಹಾಕಿದೆ. ಈ ಕೊನೆಯ ಮಾತನ್ನು ನಾನೇ ಆಮೇಲೆ ಸೇರಿಸಿಕೊಂಡದ್ದು ಎಂದು ನನ್ನ ಗಂಡನ ಆರೋಪ. ಮೊದಲ ಸಲ ಹೇಳಿದಾಗ ಅಜ್ಜಿ ಸುಮ್ಮನೆ ಕುಡಿದರು ಎಂದಿದ್ದೆನಂತೆ. ಆ ದಿನದ ದಿನಚರಿಯಲ್ಲಿ "ನೀರು ತಂದೆ, ಭುಜ ನೋವು" ಎಂಬುದಷ್ಟೇ ಇದೆ. ಅಜ್ಜಿ ಅಂಗೈ ಚಾಚಿದ್ದಂತೂ ಸುಳ್ಳಲ್ಲ.

ಅಷ್ಟು ಹೊತ್ತು ತಂದ ಕುಣಿಗಲ್ ನೀರಿನಲ್ಲೂ ಉಪ್ಪಾರಹಳ್ಳಿಯಲ್ಲಿ ಮೊಟ್ಟೆ ಒಡೆಯಲಿಲ್ಲ.

"ನಿಮ್ಮತ್ತೆ ಕಣ್ಣು ಬಿದ್ದದೆ ಕಣಮ್ಮ" ಎಂದರು ಮಾವ. "ನನ್ ವ್ಯಾಪಾರದ ಮೇಲೂ ಹಂಗೇ ಬೀಳ್ತಿತ್ತು."

"ನಿಮ್ ವ್ಯಾಪಾರ ಮಧ್ಯಾಹ್ನ ನಿದ್ದೆ ಹೊಡ್ದಿದ್ಕೆ ಹಾಳಾಗಿದ್ದು" ಎಂದರು ಅತ್ತೆ.

ಎಲ್ಲರೂ ನಕ್ಕೆವು. ಮರುದಿನ ಅತ್ತೆ ತಮ್ಮ ತವರಿಗೆ, ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಗೆ ಹೊರಟರು. ಹುಣಸೆಹಣ್ಣಿನ ಕಾಲ, ಅಣ್ಣನ ಮನೆಯಲ್ಲಿ ನಾಲ್ಕು ದಿನ ಇದ್ದು, ವರ್ಷಕ್ಕಾಗುವಷ್ಟು ಹಣ್ಣು ಕಟ್ಟಿಸಿಕೊಂಡು ಬರುವುದು ಅವರ ರೂಢಿ. ಅವರು ಹೋದ ಸಂಜೆ ನಾನು ಅಭ್ಯಾಸಬಲದಿಂದ ಅದೇ ಬೋರ್‌ವೆಲ್ ನೀರಿಗೆ ಉಪ್ಪು ಕಲಸಿದೆ. ಎರಡು ದಿನ ಕಳೆದು ನೋಡಿದರೆ, ಕುಣಿಗಲ್‌ನಲ್ಲಿ ಕಂಡದ್ದಕ್ಕಿಂತ ದಟ್ಟವಾದ ಕಿತ್ತಳೆ ಮೋಡ.

ಕುದುರೆಗಳಿಗೆ ಆ ದಿನ ಹೊಟ್ಟೆ ತುಂಬ ಊಟ. ನಾನು ಮಾತ್ರ ದಿನಚರಿಯ ಹಾಳೆ ತಿರುವುತ್ತ ಕುಳಿತೆ. ಅತ್ತೆ ಇದ್ದಾಗ ಒಡೆಯುವುದಿಲ್ಲ, ಇಲ್ಲದಾಗ ಒಡೆಯುತ್ತದೆ. ವಿಜ್ಞಾನ ಓದಿದವರು ಇದನ್ನು ಕಂಡಮೇಲೆ ಕಾಣದ ಹಾಗಿರಲು ಬರುವುದಿಲ್ಲ. ತಿನ್ನಿಸುವುದಕ್ಕೇ ಹುಟ್ಟಿಸುವುದು ಎಂದು ಅವರು ಅಂದದ್ದು ಮತ್ತೆ ಮತ್ತೆ ಕಿವಿಯಲ್ಲಿ ಕೇಳಿಸಿತು. ಹುಟ್ಟುವುದೇ ಬೇಡ ಎಂದು ಏನಾದರೂ ಮಾಡುತ್ತಿರಬಹುದೇ? ಗಂಡನಿಗೆ ಹೇಳಿದೆ. ಅವರು ಶೂ ಲೇಸು ಕಟ್ಟುತ್ತಾ, "ಅಮ್ಮಂಗೆ ಬೇಡ ಅನ್ಸಿದ್ರೆ ಬಾಯಲ್ಲೇ ಹೇಳ್ತಿದ್ಳು. ಹೋಗಿ ಕೇಳು, ಅಷ್ಟೇ" ಎಂದರು. ಗುಬ್ಬಿಯಲ್ಲಿ ಅವರ ಆಫೀಸು. ಭಾನುವಾರದವರೆಗೆ ಕಾಯಲು ಆಗದೆ, ರಜೆ ಹಾಕಿ ಅವರ ಜೊತೆಯಲ್ಲೇ ಗುಬ್ಬಿಯವರೆಗೆ ಹೋಗಿ, ಅಲ್ಲಿಂದ ಸಿ.ಎಸ್. ಪುರದ ಬಸ್ಸು ಹಿಡಿದೆ.

ಅಣ್ಣನ ಮನೆಯ ಅಂಗಳದಲ್ಲಿ ಗೋಣಿತಾಟು ಹಾಸಿಕೊಂಡು ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿ ಅವರ ಅತ್ತಿಗೆ, ಅಣ್ಣನ ಹೆಂಡತಿ.

"ಏನೇ, ಸೊಸೆ ಬಂದವ್ಳೆ" ಎಂದರು ಆ ದೊಡ್ಡಮ್ಮ. "ನಾಕ್ ದಿನ ನಿನ್ ಬುಟ್ಟಿರಕ್ಕಾಗಲ್ವಂತಾ?"

"ಅನ್ನ ಮಾಡಕ್ ಬೇಜಾರಾಗಿರ್ಬೇಕು" ಎಂದರು ಅತ್ತೆ. ಆದರೆ ಮುಖ ಅರಳಿತ್ತು.

ನಾನೂ ಕುಳಿತು ಬೀಜ ಬಿಡಿಸತೊಡಗಿದೆ. ಬರುವಾಗ ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು.

"ಅತ್ತೆ, ಸಂಜೆ ನಾನು ಕಲಸಿಡ್ತೀನಲ್ಲ ಉಪ್ಪುನೀರು, ಅದನ್ನ ನೀವು ಮುಟ್ತೀರಾ?"

"ಮುಟ್ದೆ? ದಿನಾ ನಾನೇ ಅಲ್ವಾ ಎತ್ತಿಡೋದು."

"ಎಲ್ಲಿಗೆ?"

"ತಾಮ್ರದ ಹಂಡೆಗೆ ಕಣಮ್ಮ. ಪೂಜೆ ನೀರಿಡೋದ್ರ ಪಕ್ಕ ಇನ್ನೊಂದು ಐತಲ್ಲ, ಅದು. ಆ ಕೆಂಪು ಬಕೇಟು ಬಚ್ಚಲ್ದು. ಅದ್ರಲ್ಲಿ ರಾತ್ರಿಯೆಲ್ಲಾ ಬಿದ್ದಿರೋ ನೀರಲ್ಲಾ ಒಂದ್ ಜೀವ ಹುಟ್ಟೋದು? ನೀನ್ ಮಲಗಿದ್ಮೇಲೆ ಹಂಡೆಗ್ ಸುರೀತೀನಿ. ಬೆಳಗ್ಗೆ ಪೂಜೆಗೆ ಎದ್ದಾಗ ವಾಪಸ್ ಬಕೇಟಿಗ್ ಹಾಕ್ತೀನಿ. ನೀನ್ ಏಳೋ ಹೊತ್ತಿಗೆ ಎಲ್ಲಾ ಆಗಿರ್ತದೆ."

"ಒಂದು ಮಾತು ಹೇಳ್ಲಿಲ್ವಲ್ಲ ಅತ್ತೆ."

"ಹೇಳೋದೇನೈತೆ. ಹಾಲು ಕಾಯ್ಸಿದ್ನ ಹೇಳ್ತೀನಾ?" ಎಂದು ಒಂದು ಬೀಜವನ್ನು ಎಡಕ್ಕೆ ಎಸೆದರು. "ಹುಟ್ಟೋದಂತೂ ತಿನ್ಸ್ಕೊಳಕ್ಕೆ. ಹುಟ್ಟೋ ನೀರಾದ್ರೂ ಶುದ್ಧವಾಗಿರ್ಲಿ ಅಂತ. ನಂಗೇನ್ ಕಷ್ಟ ಅಂದ್ರೆ, ಆ ನೀರಿಗೆ ಹಂಡೆ ಒಂದೇ ರಾತ್ರಿಗೆ ಕಿಲುಬು ಕಟ್ತದೆ. ದಿನಾ ಹುಣಸೆಹಣ್ಣು ಹಾಕಿ ಉಜ್ಜಿ ಉಜ್ಜಿ..."

ಅವರ ಕೈ ನಿಂತಿತು.

ತಾಮ್ರಕ್ಕೆ ಹುಳಿಯೋ ಉಪ್ಪೋ ತಾಗಿದರೆ ಏಳುವ ಹಸಿರು ಕಿಲುಬು ವಿಷ ಎಂಬುದು ತಾಮ್ರದ ಪಾತ್ರೆ ಇರುವ ಮನೆಯ ಹೆಣ್ಣುಮಕ್ಕಳಿಗೆ ಯಾರೂ ಪಾಠ ಮಾಡಬೇಕಾದ ಸಂಗತಿಯಲ್ಲ. ನನಗೂ ಗೊತ್ತು. ಉಪ್ಪುನೀರು ಕರಗಿಸಿಕೊಂಡ ತಾಮ್ರ ಮೊಟ್ಟೆಯೊಳಗಿನ ಭ್ರೂಣದ ಉಸಿರು ಕಟ್ಟಿಸುತ್ತದೆ ಎಂಬುದೂ ಗೊತ್ತು. ಹಂಡೆಯ ವಿಷಯ ಗೊತ್ತಿರಲಿಲ್ಲ, ಅಷ್ಟೇ.

"ಮಜ್ಜಿಗೆ ಹಾಕಲ್ಲ ನಾವು ತಾಮ್ರಕ್ಕೆ" ಎಂದರು ಅತ್ತೆ, ನನಗಲ್ಲ, ಕೈಯಲ್ಲಿದ್ದ ಹಣ್ಣಿಗೆ. "ಸಾರು ಹಾಕಲ್ಲ. ಇದನ್ನ ನೀರು ಅಂದ್ಕೊಂಡ್ಬುಟ್ಟೆ."

ನಾನು ಬಿಡಿಸಿದ ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡಿದೆ.

"ಎಷ್ಟು ಸತ್ವು?"

"ಸಾಯ್ಲಿಲ್ಲ ಅತ್ತೆ. ಒಡೀಲೇ ಇಲ್ಲ."

"ಅದೇನ್ ದೊಡ್ಡ ಸಮಾಧಾನನಾ?"

"ಏನು ಒಡೀಲಿಲ್ಲ?" ಎಂದು ದೊಡ್ಡಮ್ಮ ಕೇಳಿದರು. ಮೊಟ್ಟೆ ಎಂದೆ. "ನಿಮ್ಮನೇಲಿ ಮೊಟ್ಟೆನಾ?" ಎಂದು ಅವರು ನಾದಿನಿಯ ಮುಖ ನೋಡಿದರು. "ಸುಮ್ನಿರು, ಅದು ಬೇರೆ" ಎಂದ ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ಹೊರಡುವುದಕ್ಕೆ ಇನ್ನೂ ಒಂದು ದಿನ ಇತ್ತು. ಆ ಮಧ್ಯಾಹ್ನವೇ ನನ್ನ ಜೊತೆ ಹೊರಟರು.

ಗುಬ್ಬಿಯ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕುಳಿತರು. ಹುಣಸೆಹಣ್ಣಿನ ಚೀಲ ಇಬ್ಬರ ಕಾಲುಗಳ ನಡುವೆ ಇತ್ತು. ನಾನು ಬರುವಾಗ ಅನುಮಾನ ಹೊತ್ತು ಬಂದಿದ್ದೆ. ಹೋಗುವಾಗ ಅದಕ್ಕಿಂತ ಭಾರದ್ದು ಅವರ ಮನಸ್ಸಿನ ಮೇಲಿತ್ತು. ಇಷ್ಟು ದಿನ, ಯಾರೂ ಹೇಳದೆ, ಯಾರಿಗೂ ಹೇಳದೆ, ಮಂಡಿ ನೋವಿನ ಹೆಂಗಸೊಬ್ಬರು ಬಕೇಟು ಎತ್ತಿ, ಸುರಿದು, ಮತ್ತೆ ಎತ್ತಿ, ಹಂಡೆ ಬೆಳಗಿದ್ದಾರೆ. ತಾವು ಒಪ್ಪದ ಒಂದು ಕೆಲಸಕ್ಕೆ. ನಾನು ಅದರ ಬಗ್ಗೆ ಅಲ್ಲಿ ಏನನ್ನಾದರೂ ಹೇಳಬಹುದಿತ್ತು. ಹೇಳಿದ್ದು ಮಾತ್ರ ಕಿಣ್ವದ ವಿಷಯ. ನನಗೆ ಬರುವುದು ಅದೊಂದೇ.

"ಅತ್ತೆ, ನಾವು ಎಳ್ಕೊಂಡ ಗಾಳಿ ಕೊನೆಗೆ ಹೋಗಿ ಸೇರೋದು ಜೀವಕೋಶದ ಒಳಗೆ ಒಂದು ಕಿಣ್ವಕ್ಕೆ. ಆ ಕಿಣ್ವದೊಳಗೆ ತಾಮ್ರ ಇರುತ್ತೆ. ತಾಮ್ರ ಇಲ್ದೆ ಅದು ಕೆಲಸ ಮಾಡಲ್ಲ. ಎಷ್ಟು ಉಸಿರಾಡಿದ್ರೂ ದಂಡ. ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ, ಆ ಕುದುರೇಲೂ ಇದೆ, ಆ ಮೊಟ್ಟೇಲೂ."

"ನನ್ನ ಸಮಾಧಾನಕ್ಕೆ ಹೇಳ್ತಿದೀಯ."

"ಇಲ್ಲ ಅತ್ತೆ. ನಾನು ಅಳೀತಾ ಇರೋದೇ ಅದನ್ನ."

"ಎಷ್ಟಿರ್ತದೆ?"

"ಒಂದೊಂದು ಕಿಣ್ವದಲ್ಲಿ ಮೂರು ಪರಮಾಣು."

ಅವರು ಕಿಟಕಿಯಾಚೆ ನೋಡಿದರು. "ಮೂರು ಕೇಳಿದ್ವು. ನಾನು ಹಂಡೆಗಟ್ಲೆ ಬಡಿಸ್ದೆ" ಎಂದರು. ಆಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದು ಗಾಬರಿಯಾಗಿ ತಿರುಗಿದರೆ ನಗುತ್ತಿದ್ದರು. ಎರಡೂ ಇತ್ತೋ ಏನೋ. ಆ ನಗುವನ್ನು ನಾನು ನನಗೆ ಬೇಕಾದ ಹಾಗೆ ನೆನಪಿಟ್ಟುಕೊಂಡಿರುವ ಸಾಧ್ಯತೆಯಿದೆ ಎಂದು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಮನೆಗೆ ಬಂದವರೇ ಮಾವನನ್ನು ಏಣಿ ಹತ್ತಿಸಿ ಅಟ್ಟದಿಂದ ಒಂದು ದೊಡ್ಡ ಪಿಂಗಾಣಿ ಜಾಡಿ ಇಳಿಸಿದರು. ಉಪ್ಪಿನಕಾಯಿ ಹಾಕುವಂಥದ್ದು, ಬಳಸದೆ ಇಟ್ಟದ್ದು. ಕುದಿಯುವ ನೀರಿನಲ್ಲಿ ತೊಳೆದು, ಬಿಸಿಲಿಗೆ ಬೋರಲು ಹಾಕಿದರು. "ಇದಕ್ಕೆ ಉಪ್ಪೂ ಹತ್ತಲ್ಲ, ಹುಳೀನೂ ಹತ್ತಲ್ಲ" ಎಂದರು. "ಆದ್ರೆ ಆ ಬಕೇಟು ಮಾತ್ರ ಬೇಡ." ಬಕೇಟಿನಲ್ಲೂ ಚೆನ್ನಾಗಿಯೇ ಒಡೆದಿತ್ತು ಎಂದು ನಾನು ಹೇಳಲಿಲ್ಲ. ಜಾಡಿಯ ನೀರಿನಲ್ಲಿ ಮೊಟ್ಟೆ ಒಡೆಯಿತು. ಮರುದಿನವೂ, ಅದರ ಮರುದಿನವೂ. ಮುಂಜಾನೆ ಅತ್ತೆಯೇ ಬಾಟಲಿಯ ಹಿಂದೆ ಟಾರ್ಚು ಹಿಡಿದು ನೋಡಿ, "ಬಂದ್ವು" ಎಂದು ಕೂಗುತ್ತಿದ್ದರು. ನನ್ನ ಮಟ್ಟಿಗೆ ಅದು ಆ ಮನೆಯ ಸುಪ್ರಭಾತವಾಯಿತು.

ಹಾಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಒಳ್ಳೆಯ ಸೀರೆ ಉಟ್ಟು ನಿಂತಿದ್ದರು. "ಇವು ಎಲ್ಲಿಗೋಗ್ತವೆ ಅಂತ ನೋಡ್ಬೇಕು" ಎಂದರು. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಬೇಕಿಲ್ಲ ಎಂದರೂ ಕೇಳಲಿಲ್ಲ. ಗೈಡ್ ಮೇಡಂ ತಾವೇ ಕುರ್ಚಿ ತಂದು ತೊಟ್ಟಿಯ ಎದುರು ಹಾಕಿದರು. ಮರಿಗಳ ಪಕ್ಕೆ ಆಗಲೇ ತುಂಬುತ್ತ ಬಂದಿತ್ತು. ನಾನು ಕಿತ್ತಳೆ ನೀರು ಸುರಿದೆ. ಕಡ್ಡಿ ಹಿಡಿದು ನಿಂತಿದ್ದ ಒಂದು ಮರಿ ಕಣ್ಣೊಂದನ್ನು ಮಾತ್ರ ತಿರುಗಿಸಿತು, ಕತ್ತು ಒಂದಿಷ್ಟು ಬಗ್ಗಿಸಿತು, ಚಟ್ ಎಂದಿತು.

"ಏನದು ಶಬ್ದ? ಯಾರೋ ನೆಟಿಗೆ ಮುರ್ದಂಗೆ."

"ತಿಂದ ಶಬ್ದ ಅತ್ತೆ."

ಅತ್ತೆ ಎಷ್ಟು ಹೊತ್ತು ಹಾಗೆ ಕೇಳುತ್ತ ಕುಳಿತರೋ. ಚಟ್, ಚಟ್ ಎಂದು ತೊಟ್ಟಿಯ ಮೂಲೆಮೂಲೆಯಿಂದ ಬರುತ್ತಿತ್ತು. ಅವರು ಕಣ್ಣು ತಿರುಗಿಸಲಿಲ್ಲ; ಅದನ್ನು ನಾನು ಗಮನಿಸಿದೆ. ಕೊನೆಗೆ ಮೇಡಂ ಕಡೆ ತಿರುಗಿ, "ಚೆಂದಾಗವೆ" ಎಂದರು. "ಹಸಿವು ಯಾರ್ನೂ ಬುಡಲ್ಲ. ಇವು ತಿನ್ನೋದ್ ತಪ್ಪು ಅನ್ನಲ್ಲ ನಾನು. ಆದ್ರೆ ಹುಟ್ಟಿದ್ರಲ್ಲಿ ಒಂದ್ ಪಾಲು ಇಲ್ಲಿಗ್ ಬರಲ್ಲ, ನಮ್ಮನೇಲೇ ಉಳೀತದೆ. ಅದಕ್ಕೆ ನೀವು ಒಪ್ಪಿದ್ರೆ ನಾನ್ ಜಾಡಿ ನೋಡ್ಕೋತೀನಿ."

"ಉಳಿಸ್ಕೊಂಡು ಏನ್ ಮಾಡ್ತೀರಮ್ಮ?" ಎಂದು ಮೇಡಂ ಕೇಳಿದರು.

"ಏನೂ ಮಾಡಲ್ಲ. ಹುಟ್ಟವೆ, ಇರ್ಲಿ."

ಮೇಡಂ ನನ್ನ ಮುಖ ನೋಡಿದರು. ನಾನು ಕುದುರೆಗಳ ಪಕ್ಕೆ ನೋಡಿದೆ. ಸಾಲುತ್ತದೆಯೇ ಎಂದು ಮನಸ್ಸಿನಲ್ಲೇ ಅಳೆದೆ. ಒಂದು ಚಮಚ ಹೆಚ್ಚು ಹಾಕಿದರೆ ಸಾಲುತ್ತದೆ. ಆಗಲಿ ಅಮ್ಮ ಎಂದರು ಮೇಡಂ. ಈ ಮಾತುಕತೆ ಅಲ್ಲಿಯೇ, ತೊಟ್ಟಿಯ ಎದುರೇ ನಡೆಯಿತೇ, ಅಥವಾ ಹೊರಗೆ ಕಾಫಿ ಕುಡಿಯುವಾಗಲೇ ಎಂಬುದರಲ್ಲಿ ನನಗೂ ಮೇಡಂಗೂ ಈಗಲೂ ಒಮ್ಮತವಿಲ್ಲ. ಅತ್ತೆಯನ್ನು ಕೇಳಿದರೆ, "ಎಲ್ಲಾದ್ರೇನು, ಒಪ್ಪಿದ್ರಲ್ಲ" ಎನ್ನುತ್ತಾರೆ.

ಮರಿಗಳು ಮೈ ತುಂಬಿಕೊಂಡವು. ಅಳತೆಗಳು ನಡೆದವು. ಈಜುರೆಕ್ಕೆಯ ಅಂಚು ಕತ್ತರಿಸಿದ್ದು ಮತ್ತೆ ಬೆಳೆಯಿತು. ಹಸಿದ ಹೊತ್ತಿನಲ್ಲಿ ಆ ಒಲೆಗಳು ಆರುವುದಿಲ್ಲ, ಉರಿ ತಗ್ಗಿಸಿಕೊಂಡು ಕಾಯುತ್ತವೆ ಎಂದು ನಮ್ಮ ಅಳತೆಗಳು ಹೇಳುವಂತೆ ಕಾಣುತ್ತದೆ. ಕಾಣುತ್ತದೆ ಎಂಬ ಮಾತನ್ನು ಬಿಡಲು ಮೇಡಂ ಇನ್ನೂ ಒಪ್ಪಿಲ್ಲ, ನಾನೂ ಒಪ್ಪಿಲ್ಲ.

ಉಳಿದ ಪಾಲು ವರಾಂಡದಲ್ಲಿ ಒಂದು ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ಬೆಳೆಯಿತು. ಧೂಳಿನಂತಿದ್ದವು ವಾರಗಳಲ್ಲಿ ಅಕ್ಕಿ ಕಾಳಿನುದ್ದ ಆಗಿ, ಅಂಗಾತ ಮಲಗಿ ಕಾಲಾಡಿಸುತ್ತ ಈಜುತ್ತಿದ್ದವು. ಆ ಜಾತಿ ಈಜುವುದೇ ಹಾಗೆ. "ನನ್ನಂಗೆ" ಎನ್ನುತ್ತಿದ್ದರು ಮಾವ, ಮಧ್ಯಾಹ್ನದ ನಿದ್ದೆಗೆ ಹೊರಳುತ್ತ. ಅತ್ತೆ ಅಕ್ಕಿ ತೌಡನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಅದರ ತಿಳಿಯನ್ನು ಹನಿಹನಿಯಾಗಿ ಬಿಡುತ್ತಿದ್ದರು.

ಕೆಲಸ ಮುಗಿದ ಮೇಲೆ ಕುದುರೆಗಳು ಕರಾವಳಿಗೆ ಮರಳಿದವು. ತಲುಪಿದವು, ಎಲ್ಲವೂ ಚೆನ್ನಾಗಿವೆ ಎಂದು ಫೋನು ಬಂತು. ಅತ್ತೆಗೆ ಹೇಳಿದೆ. ಒಳ್ಳೇದಾಯ್ತು ಎಂದು ಕೈ ಮುಗಿದರು. ಆ ಸಂಜೆ ನಾನು ಬಾಟಲಿಗಳನ್ನು ಬಿಚ್ಚಿ, ತೊಳೆದು, ಪಂಪಿನ ವೈರು ಸುತ್ತುತ್ತಿದ್ದೆ. ಫ್ರಿಜ್ಜಿನ ಬಾಗಿಲು ತೆರೆದ ಸದ್ದಾಯಿತು. ಅತ್ತೆ ತರಕಾರಿಯ ಹಿಂದಿನಿಂದ ಡಬ್ಬಿ ತೆಗೆದುಕೊಂಡು ವರಾಂಡಕ್ಕೆ ಬಂದರು.

"ಅದನ್ಯಾಕ್ ಬಿಚ್ತಿದೀಯ?"

"ಕುದುರೆ ಹೋದ್ವಲ್ಲ ಅತ್ತೆ. ಇನ್ನು ಯಾರಿಗೆ?"

"ಯಾರಿಗೂ ಅಲ್ಲ" ಎಂದರು. "ಜಾಡೀಲಿ ಉಪ್ಪು ಕಲಸಿ ಇಟ್ಟಿದೀನಿ. ಈ ಸಲದ್ದೆಲ್ಲಾ ಉಳಿಯೋ ಪಾಲೇ. ಕಟ್ಟು ಬಾಟ್ಲಿ."

ವೈರು ಮತ್ತೆ ಬಿಚ್ಚಿದೆ.